ಬರ್ತೀನಿ ಅಂದ ಮೇಲಿನ ಕಥೆ

ಟೀವಿಯಲ್ಲಿ ನಾಯಿ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿ ಬಿತ್ತು. ನನ್ನ ತಮ್ಮ ಸಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕ. ಐವತ್ತು ದಾಟಿದ ಮನುಷ್ಯ, ಸರಕಾರಿ ಕಚೇರಿಯಲ್ಲಿ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಮಾಡುವಂಥವನು, ಭಾನುವಾರ ಬಂತೆಂದರೆ ಹೈದರಾಬಾದಿನ ದಿಲ್‌ಸುಖ್‌ನಗರದ ತನ್ನ ಫ್ಲ್ಯಾಟಿನಲ್ಲಿ ಬನಿಯನ್-ಲುಂಗಿಯಲ್ಲಿ ಕೂತು ಕಾರ್ಟೂನ್ ನೋಡುತ್ತಾನೆ. ನೀವೂ ನೋಡುವವರಾದರೆ ಮುಂದೆ ನಾನು ಹೇಳುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ನಾನು ಹೇಳುವುದು ಬಿಡುವುದಿಲ್ಲ.

“ಈಗ ಆ ಅಪ್ಪ ಒದರತಾನ ನೋಡು,” ಎಂದೆ. “ಆಮ್ಯಾಲ ಹುಡುಗಿ ಅಳತಾಳ. ಕಡೀಕ ಎಲ್ಲಾರೂ ತೆಕ್ಕಿ ಬೀಳತಾರ.”

“ನೀ ಮೊದಲ ನೋಡೀಯೇನ?” ಎಂದ ಸಿದ್ದು.

ನೋಡುವುದೇನು, ಆ ಕಥೆ ನಂದೇ. ಸರಿಯಾಗಿ ಹೇಳಬೇಕೆಂದರೆ, ನಾನು ಕೊಟ್ಟ ಕಥೆಯ ಕತ್ತು ಹಿಸುಕಿ ಅದನ್ನು ಮಾಡಿದ್ದರು. ಆ ಬೋಳುತಲೆಯವನು ನಮ್ಮಪ್ಪ. ಆ ಕೋಲಿನ ಮುದುಕಿ ನಮ್ಮ ಸೋದರತ್ತೆ, ಅಂಬಕ್ಕತ್ತಿ. ಅಳುವ ಹುಡುಗಿ ನಾನು, ನಿಜದಲ್ಲಿ ಅಳಲಿಲ್ಲ ಅನ್ನುವುದು ಬೇರೆ ಮಾತು. ನಾನೊಂದು ಕಾರ್ಟೂನ್ ಕಂಪನಿಯಲ್ಲಿ ಕೆಲಸಕ್ಕಿದ್ದದ್ದು ಸಿದ್ದುಗೆ ಗೊತ್ತು. ಅಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳುವ ಪುರುಸೊತ್ತು ಅವನಿಗೆ ಯಾವತ್ತೂ ಸಿಗಲಿಲ್ಲ. ಈಗ ತನ್ನ ಅಪ್ಪನನ್ನೇ ನೋಡಿ ನಗುತ್ತಿದ್ದಾನೆ, ಗುರುತಿಲ್ಲ.

ಆದರೆ ಆವತ್ತು ನಾನು ಅವನ ಜೊತೆ ಕಾರ್ಟೂನ್ ನೋಡಲು ಹೋದವಳಲ್ಲ. ಅವನ ಮಗಳು ಶಿಲ್ಪಾಗೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಹಾಸ್ಟೆಲ್ಲು, ದೂರ, ಜನ ಏನೆನ್ನುತ್ತಾರೆ ಎಂದು ಇವನು ಬೇಡ ಅಂದು ಕೂತಿದ್ದ. ಹುಡುಗಿ ನನಗೆ ಫೋನ್ ಮಾಡಿ, “ಅತ್ತೀ, ಪಪ್ಪಾಗ ನೀನ ಹೇಳಬೇಕು. ಈ ವಾರ ಹೋಗಿ ಸೇರಲಿಲ್ಲಂದ್ರ ಸೀಟು ಹೋಗತೈತಿ,” ಅಂದಿದ್ದಳು. ತೆಲಂಗಾಣ ಚಳವಳಿಯ ಎರಡು ಬಂದ್‌ಗಳ ನಡುವೆ ಸಿಕ್ಕ ಒಂದು ಭಾನುವಾರ ನೋಡಿಕೊಂಡು, ಕಾಚಿಗುಡದಿಂದ ಬಸ್ಸು ಹಿಡಿದು ನಾನು ಬಂದದ್ದು ಅದಕ್ಕೆ. ಬಂದವಳು ನೇರ ಸೋಫಾದ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, “ಸಿದ್ದು, ನಿನ್ನ ಜೋಡಿ ಒಂದು ಮಾತು ಆಡೋದೈತಿ,” ಎಂದು ಶುರು ಮಾಡಿಯೂ ಬಿಟ್ಟಿದ್ದೆ. ಅಷ್ಟರಲ್ಲಿ ಆ ನಾಯಿ ಜಾರಿ ಬಿತ್ತು.

ಆ ನಾಯಿ ಎಲ್ಲಿಂದ ಬಂತು ಎಂದು ಹೇಳುತ್ತೇನೆ. ನಮ್ಮ ಮನೆಯಲ್ಲಿ ನಾಯಿ ಇರಲಿಲ್ಲ. ನಾಯಿಗೆ ಹಾಕುವಷ್ಟು ಉಳಿಯುತ್ತಲೂ ಇರಲಿಲ್ಲ. ಇದ್ದದ್ದು ಅಂಬಕ್ಕತ್ತಿ.

ಅಂಬಕ್ಕತ್ತಿ ತಿಂಗಳಿಗೊಮ್ಮೆಯಾದರೂ ನಮ್ಮ ಕಾಚಿಗುಡದ ಮನೆಗೆ ಬರುತ್ತಿದ್ದಳು. ಬರುವುದೇನು ದೊಡ್ಡದಲ್ಲ, ಯಾರು ಬೇಕಾದರೂ ಬರಬಹುದು. ಹೋಗುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ನಮ್ಮ ಕಡೆಯವರ ಹೋಗುವಿಕೆ ನಿಮಗೆ ಗೊತ್ತಿದ್ದರೆ ಸರಿ, ಗೊತ್ತಿಲ್ಲದಿದ್ದರೆ ಕೇಳಿ. ಬಿಸಿಲು ಇಳಿಯುವ ಹೊತ್ತಿಗೆ ಅತ್ತಿ, “ಇನ್ನ ಬರ್ತೀನಪಾ,” ಎಂದು ಏಳುತ್ತಿದ್ದಳು. ಅವ್ವ, “ಚಾ ಕುಡದು ಹೋಗ್ರಿ,” ಅನ್ನುತ್ತಿದ್ದಳು. ಅತ್ತಿ ಕೂತಳು. ಚಹಾ ಆದ ಮೇಲೆ ಮತ್ತೆ ಎದ್ದಳು. ಅವ್ವ ಕುಂಕುಮದ ಭರಣಿ ತಂದಳು. ಕುಂಕುಮ ಹಚ್ಚಿಸಿಕೊಳ್ಳುವಾಗ ಬೀದರದ ಯಾರದೋ ಸೊಸೆಯ ಬಾಣಂತನ ನೆನಪಾಯಿತು. ಅದು ಮುಗಿದು ಬಾಗಿಲಿಗೆ ಬಂದರೆ, ಚೌಕಟ್ಟಿಗೆ ಒರಗಿಕೊಂಡು ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ಕಾಲು ಹೊಸ್ತಿಲೊಳಗೆ. ಅಪ್ಪ ಅವಳ ಕೈಚೀಲ ಹಿಡಿದುಕೊಂಡು ನಿಂತಿರುತ್ತಿದ್ದ. ಸಿದ್ದು, ನಾನು ಮೆಟ್ಟಿಲ ಮೇಲೆ. ಬಸ್ಸು ಹೋಗುತ್ತಿತ್ತು, ಇನ್ನೊಂದು ಬರುತ್ತಿತ್ತು, ಅದೂ ಹೋಗುತ್ತಿತ್ತು.

ಇದನ್ನು ನೋಡಿ ನಗುವವರಿಗೆ ತಿಳಿಯದ ಒಂದು ವಿಷಯವಿದೆ. ಒಳಗೆ ಕೂತಾಗ ಆಡುವುದು ಜೋಳದ ರೇಟು, ಮಂಡಿನೋವು, ನಳದ ನೀರು. ನಿಜವಾದ ಮಾತು ಬರುವುದು ಹೊಸ್ತಿಲಲ್ಲಿ. ಏಕೆಂದರೆ ಮನೆಮಗಳು ಕುಂಕುಮ ಹಚ್ಚಿಕೊಂಡು ತವರಿಂದ ಹೊರಟು ನಿಂತಾಗ ಅವಳಿಗೆ ಯಾರೂ ಎದುರು ಮಾತಾಡಬಾರದು. ಅವಳು ನೊಂದು ಹೊಸ್ತಿಲು ದಾಟಿದರೆ ಮನೆಗೆ ಒಳ್ಳೆಯದಲ್ಲ. ಇದು ಗಂಡಸರಿಗೆ ಗೊತ್ತಿತ್ತು. ಹೆಂಗಸರಿಗೆ ಗಂಡಸರಿಗಿಂತ ಚೆನ್ನಾಗಿ ಗೊತ್ತಿತ್ತು.

ನನ್ನ ಓದು ಸಾಕು, ಲಗ್ನ ಮಾಡಿಬಿಡೋಣ ಎಂದು ಅಪ್ಪ ನಿಶ್ಚಯಿಸಿದ್ದ ದಿನಗಳು. ನನಗೋ ಚಿತ್ರಕಲೆಯ ಕಾಲೇಜಿಗೆ ಹೋಗುವ ಹುಚ್ಚು. ಅಂಬಕ್ಕತ್ತಿ ಬಂದಳು, ಉಂಡಳು, ಮಲಗಿ ಎದ್ದಳು, ಜೋಳದ ರೇಟು ಮಾತಾಡಿದಳು. ನನ್ನ ವಿಷಯ ಎತ್ತಲೇ ಇಲ್ಲ. ನನಗೆ ಸಿಟ್ಟು ಬಂತು. ಕೊನೆಗೆ ಬಾಗಿಲಲ್ಲಿ, ಎರಡನೆಯ ಬಸ್ಸೂ ಹೋದ ಮೇಲೆ, ಇನ್ನೊಂದು ಚಪ್ಪಲಿ ಮೆಟ್ಟುತ್ತ ಅಂದಳು:

“ಅಣ್ಣಾ, ಈಕಿ ಕೈ ಭಾಳ ಚಲೋ ಐತಿ. ಚಿತ್ರಾ ಕಲ್ಯಾಕ ಕಳಸು. ಲಗ್ನ ಎಲ್ಲಿ ಓಡಿ ಹೋಗತೈತಿ? ಬರ್ತೀನಿ.”

ಅಪ್ಪ ಬಾಯಿ ತೆರೆದ. ಅವ್ವ ಹಿಂದಿನಿಂದ, “ಮನೀ ಮಗಳು ಹೊಂಟಾಳ,” ಎಂದಳು, ಅಷ್ಟೇ. ಅಪ್ಪ ಬಾಯಿ ಮುಚ್ಚಿ, ಚೀಲ ಕೈಗೆ ಕೊಟ್ಟು, “ಹೂಂ, ಬಾ,” ಎಂದ. ಆ ‘ಹೂಂ’ ಬೀಳ್ಕೊಡುವುದಕ್ಕೋ ಒಪ್ಪಿದ್ದಕ್ಕೋ ಅವನಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಅಂದ ಮೇಲೆ ಅಂದ ಹಾಗೆ. ಕಾಲೇಜಿಗೆ ಸೇರಿಸಲು ಮುಖ ಊದಿಸಿಕೊಂಡು ತಾನೇ ಕರೆದುಕೊಂಡು ಹೋದ. ಲಗ್ನ ಆಮೇಲೆ ಆಯಿತು, ಅದರ ಪಾಡಿಗೆ ಅದು.

ಆ ಚಿತ್ರಕಲೆಯನ್ನು ನಂಬಿಕೊಂಡು ಬಹಳ ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದೆ. ಹೈದರಾಬಾದಿನಲ್ಲಿ ಗಲ್ಲಿಗೊಂದು ಆನಿಮೇಷನ್ ಕಂಪನಿ ಬೋರ್ಡು ಹಾಕಿಕೊಂಡ ಕಾಲಕ್ಕೆ, ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಒಂದು ಕಂಪನಿಗೆ ಹೋದೆ. ಮಾಲೀಕರನ್ನು ಎಲ್ಲರೂ ಭಾಸ್ಕರ್ ಸಾರ್ ಅನ್ನುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಮುಂಬೈಯಲ್ಲಿ ಎರಡು ದಿನದ ಯಾವುದೋ ಕಥಾ ತರಬೇತಿಗೆ ಹೋಗಿದ್ದರು, ಬರುವಾಗ ಒಂದು ಗುಡ್ಡ ತಂದಿದ್ದರು. ಬಿಳಿ ಬೋರ್ಡಿನ ಮೇಲೆ ಆ ಗುಡ್ಡ ಯಾವಾಗಲೂ ಇರುತ್ತಿತ್ತು, ಅಳಿಸಿದರೆ ಸಿಟ್ಟಾಗುತ್ತಿದ್ದರು.

ಗುಡ್ಡದ ಬುಡದಲ್ಲಿ ಕುಟುಂಬ ಸುಖವಾಗಿರಬೇಕು. ಏರುವಾಗ ಒಂದು ತೊಂದರೆ ಬರಬೇಕು. ತುದಿಯಲ್ಲಿ ಜಗಳ. ಇಳಿಯುವಾಗ ಕಣ್ಣೀರು. ಕೆಳಗೆ ಬಂದಾಗ ಅಪ್ಪುಗೆ. ಏಳೆಂಟು ನಿಮಿಷದೊಳಗೆ ಹತ್ತಿ ಇಳಿದು ಮನೆ ಸೇರಬೇಕು. ಇಲಿಯ ಸಂಸಾರವಾಗಲಿ ಆನೆಯ ಸಂಸಾರವಾಗಲಿ, ಎಲ್ಲರಿಗೂ ಅದೇ ಗುಡ್ಡ. ನಾನು ಹುಟ್ಟಿದ ಮನೆಯಲ್ಲಿ ಯಾರೂ ಯಾರನ್ನೂ ಅಪ್ಪಿಕೊಂಡದ್ದನ್ನು ನೋಡಿಲ್ಲ. ಜಗಳವಾದರೆ ಒಂದು ರೊಟ್ಟಿ ಹೆಚ್ಚು ಬಡಿಸುತ್ತಿದ್ದರು, ಮುಗಿಯಿತು. ಇದನ್ನು ಗುಡ್ಡದ ಯಾವ ಬದಿಗೆ ಬರೆಯುತ್ತೀರಿ?

ನಾನು ಅಂಬಕ್ಕತ್ತಿಯ ಕಥೆ ಹೇಳಿದಾಗ ಆಫೀಸಿಗೆ ಆಫೀಸೇ ನಕ್ಕಿತು. ಸಿನಿಮಾ ಶುರುವಾಗುವುದೇ ಅವಳು “ಬರ್ತೀನಿ” ಅಂದಾಗ. ಉಳಿದದ್ದೆಲ್ಲ ಹೋಗುವುದೇ. ಕೊನೆಯಲ್ಲಿ ಆ ಒಂದು ಮಾತು, ಚಪ್ಪಲಿ, ಅಪ್ಪನ ‘ಹೂಂ’. ಬರಿಯ ಆ ಕಾಲುಗಳನ್ನೇ, ಒಂದು ಚಪ್ಪಲಿಯಲ್ಲಿ ಒಂದು ಹೊಸ್ತಿಲೊಳಗೆ, ಎಷ್ಟು ಬಗೆಯಲ್ಲಿ ಬರೆದಿದ್ದೆನೋ. ಭಾಸ್ಕರ್ ಸಾರ್ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗುಡ್ಡದ ಕಡೆ ತಿರುಗಿ, “ಅಮ್ಮಾ, ಟರ್ನಿಂಗ್ ಪಾಯಿಂಟ್ ಎಕ್ಕಡ?” ಎಂದರು.

“ಬಾಗಿಲಲ್ಲಿ, ಸಾರ್. ಕಟ್ಟಕಡೆಗೆ.”

“ಕಟ್ಟಕಡೆಗೆ ಬಂದರೆ ಜಗಳಕ್ಕೆ ಜಾಗ ಎಲ್ಲಿದೆ?”

“ಜಗಳ ಆಗಬಾರದು ಅಂತಲೇ ಅಲ್ಲವೇ ಆಕೆ ಬಾಗಿಲಲ್ಲಿ ಹೇಳುವುದು?”

ಜಗಳವಿಲ್ಲದ ಕುಟುಂಬವನ್ನು ಯಾವ ಚಾನೆಲ್ಲೂ ಕೊಳ್ಳುವುದಿಲ್ಲ ಎಂದು ಅವರು ತೆಲುಗಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ತಿಳಿಸಿ ಹೇಳಿದರು. ಅತ್ತಿಯ ಮಾತು ಹೊಸ್ತಿಲಿಂದ ಎದ್ದು ಸೋಫಾಕ್ಕೆ ಬಂತು, ಕಥೆಯ ನಟ್ಟನಡುವೆ, ಎಲ್ಲರ ಮುಂದೆ. ಅಪ್ಪನಿಗೆ ಒದರಲು ಅನುಕೂಲವಾಯಿತು. ಹುಡುಗಿ ಅತ್ತಳು. ನಗಿಸಲು ನಾಯಿ ಬಂತು, ನಾಯಿಗೆ ಸಿಪ್ಪೆ ಬಂತು. ಕೊನೆಗೆ ಎಲ್ಲರೂ ತೆಕ್ಕೆಬಿದ್ದರು. ಅತ್ತಿ ಆಟೋ ಹತ್ತಿ ಕಣ್ಣು ಮಿಟುಕಿಸುವುದರೊಳಗೆ ಮಾಯ. ನಮ್ಮಲ್ಲಿ ಸತ್ತವರೂ ಅಷ್ಟು ಬೇಗ ಹೊರಡುವುದಿಲ್ಲ.

ಸಿನಿಮಾ ಮುಗಿದು ತೋರಿಸುವ ದಿನ ಅಂಬಕ್ಕತ್ತಿಯನ್ನೇ ಕರೆಸಿದರು. ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ಮುಂದಿನ ಕುರ್ಚಿಯಲ್ಲಿ ಕೂತು ಸಮೋಸಾ ತಿಂದಳು. ನಾಯಿ ಬಿದ್ದಾಗ ನಕ್ಕಳು. ಹೌದು, ನಕ್ಕಳು. ನನ್ನ ಮೈಯೆಲ್ಲ ಉರಿದುಹೋಯಿತು. “ಹೇಗಿದೆ ಅಮ್ಮಾ?” ಎಂದು ಭಾಸ್ಕರ್ ಸಾರ್ ಕೇಳಿದರೆ, “ಭಾಳ ಚಂದ ಆಗೇತಪಾ,” ಎಂದಳು. ಅವರು ನನ್ನ ಕಡೆ ನೋಡಿದ ನೋಟ ನನಗಿನ್ನೂ ನೆನಪಿದೆ.

ಆಮೇಲೆ, “ಇನ್ನ ಬರ್ತೀನಿ,” ಎಂದು ಎದ್ದಳು. ಸಾರ್ ಬಾಗಿಲ ತನಕ ಬಂದರು. ಅವರಿಗೇನು ಗೊತ್ತು ಪಾಪ, ಬಾಗಿಲೆಂದರೆ ಏನು ಎಂದು. ಅತ್ತಿ ಅವರ ತಾಯಿಯ ಆರೋಗ್ಯ ಕೇಳಿದಳು, ಊರು ಕೇಳಿದಳು, ಮಕ್ಕಳೆಷ್ಟು ಎಂದು ಕೇಳಿದಳು. ಒಂದು ಚಪ್ಪಲಿ ಮೆಟ್ಟಿದಳು. ಮೆಟ್ಟಿಲಿನಲ್ಲಿ ಲೈಟು ಯಾಕಿಲ್ಲ ಎಂದಳು. ಆಮೇಲೆ ಇನ್ನೊಂದು ಚಪ್ಪಲಿಗೆ ಕಾಲು ಚಾಚುತ್ತ, ತನ್ನ ಕನ್ನಡ ಬೆರೆತ ಹಿಂದಿಯಲ್ಲಿ ಹೇಳಿದಳು. ನಾನದನ್ನು ಕನ್ನಡದಲ್ಲೇ ಕೊಡುತ್ತೇನೆ:

“ತಮ್ಮಾ, ನಾಯಿ ಚಲೋ ಐತಿ. ಆದರ ಆ ಅತ್ತಿ ಭಾಳ ದಡ್ಡಿ. ಎಲ್ಲಾರ ಮುಂದ ಕುಂತು ಹಂಗಂದ್ರ ಯಾವ ಅಣ್ಣ ಹೂಂ ಅಂತಾನ? ನಾನೂ ಅವತ್ತ ಹಂಗ ಅಂದಿದ್ದರ ಈಕಿ ಒಲಿ ಮುಂದ ಕುಂಡರತಿದ್ದಳು, ನಿನ್ನ ಆಫೀಸಿಗೆ ಬರತಿರಲಿಲ್ಲ. ನನ್ನ ಅಷ್ಟು ದಡ್ಡಿ ಮಾಡಬಾರದಿತ್ತು ನೀನು. ಬರ್ತೀನಿ.”

ಸಾರ್ ಬಾಯಿ ತೆರೆದುಕೊಂಡು ನಿಂತರು. ಹೊರಟ ಹಿರಿಯ ಹೆಂಗಸಿಗೆ ತೆಲುಗಿನವರೂ ಎದುರಾಡುವುದಿಲ್ಲ. ಸಿನಿಮಾ ಏನಾಯಿತು ಅಂತೀರಾ? ಏನೂ ಆಗಲಿಲ್ಲ. ಇದ್ದ ಹಾಗೇ ಚಾನೆಲ್ಲಿಗೆ ಹೋಯಿತು. ಅಂಬಕ್ಕತ್ತಿ ಈಗಿಲ್ಲ, ಆ ನಾಯಿ ಇನ್ನೂ ಭಾನುವಾರ ಭಾನುವಾರ ಜಾರುತ್ತಿದೆ.

ಟೀವಿಯಲ್ಲಿ ನಮ್ಮಪ್ಪ ಒದರಿದ. ಸಿದ್ದು ಚಹಾದ ಕಪ್ಪು ಕೆಳಗಿಡುತ್ತ, “ಮತ್ತ? ಮನಿ ಮಂದಿ ಮುಂದ ಆ ಮುದುಕಿ ಹಂಗ ಬಾಯಿ ಹಾಕಿದರ ಅಂವಾ ಸುಮ್ಮ ಇರತಾನೇನ?” ಎಂದ. ಒಳಗಿನ ಕೋಣೆಯ ಬಾಗಿಲಲ್ಲಿ ಶಿಲ್ಪಾ ನನ್ನನ್ನೇ ನೋಡುತ್ತಿದ್ದಳು.

“ನೀ ಏನೋ ಹೇಳಾಕತ್ತಿದ್ದಿ,” ಎಂದ ಸಿದ್ದು.

“ಏನಿಲ್ಲ,” ಎಂದೆ. “ನಿಮ್ಮಲ್ಲಿ ನಳದ ನೀರು ಬರ್ತೈತೇನ ಈಗ?”

ಶಿಲ್ಪಾಳ ಮುಖ ಸಣ್ಣದಾಯಿತು. ನಾನು ಸಾಯಂಕಾಲದ ತನಕ ಕೂತೆ. ನೀರು, ಮಂಡಿನೋವು, ಬಂದ್, ಎಲ್ಲ ಆಯಿತು. ಆ ಹುಡುಗಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಅಂಬಕ್ಕತ್ತಿಗೆ ಇದ್ದ ತಾಳ್ಮೆ ನನಗಿಲ್ಲ, ನಾಲಿಗೆ ತುದಿಗೆ ಬಂದದ್ದನ್ನು ನುಂಗಿ ನುಂಗಿ ಚಹಾ ಕುಡಿದೆ. ಕೊನೆಗೆ “ಇನ್ನ ಬರ್ತೀನಿ” ಎಂದು ಎದ್ದೆ. ತಮ್ಮನ ಹೆಂಡತಿ ಕುಂಕುಮ ತಂದಳು.

ಫ್ಲ್ಯಾಟಿನವರಿಗೆ ಹೊಸ್ತಿಲೆಂದರೆ ಒಂದು ಕಲ್ಲಿನ ಪಟ್ಟಿ, ಯಾರೂ ನಿಲ್ಲುವುದಿಲ್ಲ. ನಾನು ಚಪ್ಪಲಿ ಮೆಟ್ಟುವ ಮುಂಚೆಯೇ ಸಿದ್ದು ಲಿಫ್ಟಿನ ಗುಂಡಿ ಒತ್ತಿದ್ದ. ಹಳೆಯ ಜಾಲರಿ ಬಾಗಿಲಿನ ಲಿಫ್ಟು, ಬಂದು ನಿಂತಿತು. ಒಳಗೆ ಹೋದೆ. ಹೋದವಳು ಒಂದು ಕಾಲು ಹೊರಗೆ, ಜಾಲರಿಗೆ ಅಡ್ಡವಾಗಿ ಇಟ್ಟೆ. ಕೃಪಯಾ ದರ್ವಾಜಾ ಬಂದ್ ಕೀಜಿಯೇ, ಬಾಗಿಲು ಮುಚ್ಚಿ, ಎಂದು ಲಿಫ್ಟಿನೊಳಗಿನ ರೆಕಾರ್ಡಿನ ಹೆಂಗಸು ಶುರು ಮಾಡಿದಳು.

“ಸಿದ್ದು, ಶಿಲ್ಪಾ ನಿನಗಿಂತ ಶಾಣ್ಯಾ ಅದಾಳ. ಆಕಿನ್ನ ಧಾರವಾಡಕ್ಕ ಕಳಸು. ಬರ್ತೀನಿ.”

ಸಿದ್ದು ಬಾಯಿ ತೆರೆದ. ಲಿಫ್ಟಿನವಳು ಮತ್ತೆ, ಕೃಪಯಾ ದರ್ವಾಜಾ ಬಂದ್ ಕೀಜಿಯೇ. ಅವನು ನನ್ನ ಹಣೆಯ ಕುಂಕುಮ ನೋಡಿದ. ಆಮೇಲೆ ಕೆಳಗೆ ನನ್ನ ಕಾಲು ನೋಡಿದ, ತುಸು ಹೊತ್ತು ನೋಡಿದ.

“ಅಕ್ಕಾ,” ಎಂದ, “ಆ ಕಾರ್ಟೂನಿನ್ಯಾಗಿನ ಮುದುಕಿ ಅಂಬಕ್ಕತ್ತಿ ಏನ?”

“ಅಲ್ಲ,” ಎಂದೆ. “ಅಂಬಕ್ಕತ್ತಿ ಅಷ್ಟು ದಡ್ಡಿ ಇರಲಿಲ್ಲ.”

ಕೃಪಯಾ ದರ್ವಾಜಾ ಬಂದ್ ಕೀಜಿಯೇ.

“ಹೂಂ,” ಎಂದ ಸಿದ್ದು. “ಬಾ.”

ನಾನು ಕಾಲು ಒಳಗೆ ತೆಗೆದುಕೊಂಡೆ. ಲಿಫ್ಟು ಇಳಿಯತೊಡಗಿತು. ಮೇಲಿನಿಂದ, ಜಾಲರಿಯೊಳಗಿಂದ, ನನ್ನ ತಮ್ಮ ಮಗಳನ್ನು ಕೇಳುವುದು ಕೇಳಿಸಿತು: “ಶಿಲ್ಪಾ, ಧಾರವಾಡದ ಗಾಡಿ ಎಲ್ಲಿಂದ ಬಿಡತೈತಿ?”