ಮೊದಲ ಹದಿನೈದು ದಿನ

ಮೀನುಮರಿ ಕೇಂದ್ರದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಸಾಹೇಬರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಗರಿಯಕ್ಕ. ಇಪ್ಪತ್ತಾರು ವರ್ಷಗಳಿಂದ ಅವಳದು ಒಂದೇ ಕೆಲಸ. ಹೊಳೆಯ ನೀರು ಹರಿಯುವ ಉದ್ದನೆಯ ತೊಟ್ಟಿಗಳಲ್ಲಿ, ಜಾಲರಿ ತಟ್ಟೆಗಳ ಮೇಲೆ ಹರಡಿದ ಮೀನಿನ ಮೊಟ್ಟೆಗಳನ್ನು ಕಾಯಬೇಕು. ಸತ್ತು ಬೆಳ್ಳಗಾದದ್ದನ್ನು ಹಕ್ಕಿಯ ಗರಿಯ ತುದಿಯಿಂದ ಸರಿಸಿ ತೆಗೆಯಬೇಕು. ಒಂದನ್ನು ಬಿಟ್ಟರೂ ಅದರ ಬೂಷ್ಟು ಮರುದಿನ ಹತ್ತಕ್ಕೆ ಹಬ್ಬುತ್ತದೆ. ಇಕ್ಕಳ ಕೊಟ್ಟು ನೋಡಿದರು, ರಬ್ಬರಿನ ಪಿಚಕಾರಿ ಕೊಟ್ಟು ನೋಡಿದರು. ಅವಳು ಗರಿ ಬಿಡಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದಳು.

ಬಾಯಿ ಮಾತ್ರ ಬೆಣ್ಣೆಯಲ್ಲ. "ಕಣ್ಣು ಬರೋವರೆಗೂ ತಟ್ಟೆ ಅಲುಗಿಸಿದವರ ಕೈ ಮುರೀತೀನಿ" ಎಂದು ಸಾಹೇಬರಿಗೇ ಹೇಳಿದವಳು. ಅದರಲ್ಲಿ ನ್ಯಾಯವೂ ಇತ್ತು. ಈ ಮೀನಿನ ಮೊಟ್ಟೆ ಮೊದಲ ಹದಿನೈದು ದಿನ ತೀರ ಎಳಸು. ತಟ್ಟೆಗೆ ಮೊಣಕೈ ತಾಗಿದರೂ ಸಾಯುತ್ತದೆ. ಆಮೇಲೆ ಒಳಗೆ ಎರಡು ಕಪ್ಪು ಚುಕ್ಕೆ ಮೂಡುತ್ತವೆ, ಅವೇ ಕಣ್ಣು. ಕಣ್ಣು ಬಂದ ಮೊಟ್ಟೆಯನ್ನು ತೊಳೆಯಬಹುದು, ಬಕೆಟ್ಟಿಗೆ ಸುರಿದು ಹೊತ್ತೊಯ್ಯಬಹುದು. "ಕಣ್ಣು ಬಂತು ಅಂದ್ರೆ ಗಟ್ಟಿ ಆಯ್ತು" ಅನ್ನುವುದು ಅವಳ ವೇದವಾಕ್ಯ. ಬಟ್ಟೆ ಹೊಲಿಯುವ ಗಂಡ ಮಾತ್ರ ನಗುತ್ತಿದ್ದ: "ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನನ್ನ ಒಂದು ದಿನವೂ ಹೀಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲವಲ್ಲೇ, ಮಹಾತಾಯಿ!"

ಆ ವರ್ಷ ನಗುವ ವರ್ಷವಾಗಿರಲಿಲ್ಲ. ಹೊಳೆಯ ದೊಡ್ಡ ಮೀನಿನ ಸಂತತಿ ಇಳಿಯುತ್ತಾ ಇಳಿಯುತ್ತಾ ಬಂದು, ಬಲೆಗೆ ಎರಡೇ ಎರಡು ಹೆಣ್ಣು ಮೀನು ಸಿಕ್ಕಿದ್ದವು. ಅವುಗಳ ಮೊಟ್ಟೆ ನಾಲ್ಕು ತಟ್ಟೆ. ಇವೂ ಹೋದರೆ ಈ ಮೀನಿನ ಕೆಲಸವನ್ನೇ ಮುಚ್ಚಿ, ತೊಟ್ಟಿಗಳಲ್ಲಿ ಬೇರೆ ಮೀನು ಸಾಕುವುದೆಂದು ಸಾಹೇಬರು ಮೊದಲೇ ಹೇಳಿಬಿಟ್ಟಿದ್ದರು. ಗರಿಯಕ್ಕನಿಗೆ ಊಟ ಸೇರುತ್ತಿರಲಿಲ್ಲ.

ಮೊಟ್ಟೆ ತಟ್ಟೆಗೆ ಹಾಕಿದ ಹೊತ್ತಿಗೇ ಹೊಳೆಯ ಹೂಳೆತ್ತುವ ಕೆಲಸ ಬಂತು. ಯಂತ್ರದ ಮೇಸ್ತ್ರಿ ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಮ್ಮ. ತಾಯಿ ತೀರಿಕೊಂಡ ಮೇಲೆ ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಕೆಲಸ ಶುರುವಾಗುವ ಹಿಂದಿನ ದಿನ ಅಕ್ಕನ ಅಡುಗೆಮನೆಗೆ ಬಂದು, ಮೇಜಿನ ಮೇಲೆ ಒದ್ದೆ ಬೆರಳಿನಿಂದ ಹೊಳೆಯ ಗೆರೆ ಎಳೆದ.

"ನೋಡಕ್ಕಾ, ಹದಿನೈದು ದಿನ ನಿಮ್ಮ ತೊಟ್ಟಿಗೆ ನೀರು ತರೋ ಕಾಲುವೆಗಿಂತ ಮೇಲೆ ತೋಡೋದು, ಹದಿನೈದು ದಿನ ಕೆಳಗೆ. ಕೆಳಗೆ ತೋಡಿದ್ರೆ ನಿನಗೇನೂ ಆಗಲ್ಲ. ಮೇಲೆ ತೋಡಿದಾಗ ರಾಡಿಯೆಲ್ಲ ನಿನ್ನ ತೊಟ್ಟಿಗೇ ಬರುತ್ತೆ. ಮೊದಲು ಮೇಲಿಂದಾನೇ ಶುರು ಮಾಡಿ ಅಂದಿದ್ದಾರೆ ಇಂಜಿನಿಯರು. ನೀನು ಹೇಳು, ತಿರುಗಿಸ್ತೀನಿ. ತಿಳಿನೀರು ನಿನಗೆ ಯಾವಾಗ ಬೇಕು?"

"ಮೊದಲ ಹದಿನೈದು ದಿನ ಕಣೋ" ಎಂದಳು, ಒಂದು ಕ್ಷಣವೂ ಯೋಚಿಸದೆ. "ಕಣ್ಣು ಬಂದಮೇಲೆ ಕೆಸರು ಬಂದರೆ ತೊಳ್ಕೋತೀನಿ. ಅದಕ್ಕೆ ಮುಂಚೆ ಬಂದರೆ ಮುಟ್ಟೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ."

"ಆಯ್ತು ಬಿಡು" ಎಂದ ತಮ್ಮ. ಮೇಲಿನವರನ್ನು ಕೇಳದೆ ಯಂತ್ರವನ್ನು ಕೆಳಗೆ ಒಯ್ದ.

ಹದಿನೈದು ದಿನ ನೀರು ಗಾಜಿನಂತಿತ್ತು. ಹದಿನಾರನೆಯ ಬೆಳಿಗ್ಗೆ ನಾಲ್ಕೂ ತಟ್ಟೆಗಳ ತುಂಬ ಕಣ್ಣುಗಳು. ಗರಿಯಕ್ಕ ತಟ್ಟೆಯ ಮುಂದೆ ನಿಂತು ಕಣ್ಣೀರು ಹಾಕಿದಳು, ಸಂತೋಷಕ್ಕೆ. ಆ ಸಂತೋಷವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ರಾಡಿ ಬಂತು. ಅದು ಮರಳಾಗಿರಲಿಲ್ಲ, ಹಿಟ್ಟಿಗಿಂತ ನುಣ್ಣನೆಯ ಹೂಳು, ಸೋಸುವ ತೊಟ್ಟಿಯಲ್ಲಿ ನಿಲ್ಲದೆ ನೇರ ತಟ್ಟೆಗೆ ಬಂದು ಮೊಟ್ಟೆಗೆ ಅಂಟಿತು. ಅವಳು ತೊಳೆದಳು. ತೊಳೆಯುವ ನೀರೂ ಅದೇ ಹೊಳೆಯದು. ಬಾವಿಯ ನೀರು ಬೆಚ್ಚಗೆ, ಈ ಮೊಟ್ಟೆಗೆ ಒಗ್ಗದು. ಅರ್ಧ ಗಂಟೆಯಲ್ಲಿ ಮತ್ತೆ ಬೂದುಬಣ್ಣದ ಪದರ. ಮತ್ತೆ ತೊಳೆದಳು. ಮೂರನೆಯ ದಿನ ಬೆಳ್ಳಗಾದವು ನೂರಾರು. ಐದನೆಯ ದಿನ ಗರಿ ಸಾಲದೆ ಚಮಚ ಹಿಡಿದಳು. ಬೆಳ್ಳಗಾದ ಮೊಟ್ಟೆಯೊಳಗೂ ಆ ಎರಡು ಕಪ್ಪು ಚುಕ್ಕೆ ಹಾಗೇ ಕಾಣುತ್ತಿದ್ದವು. ತಮ್ಮನಿಗೆ ಫೋನು ಮಾಡಿದಳು. "ಇಂಜಿನಿಯರು ಇಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ. ಇನ್ನು ನನ್ನ ಕೈಲಿಲ್ಲ, ಅಕ್ಕಾ" ಎಂದ. ಒಡೆದು ಹೊರಬಂದ ನಾಲ್ಕಾರು ಮರಿಗಳೂ ಕಿವಿರಿಗೆ ಹೂಳು ಮೆತ್ತಿಕೊಂಡು, ಬಾಯಿ ಕಳೆದು ತೊಟ್ಟಿಯ ಮೂಲೆ ಸೇರಿ ಸತ್ತವು.

ಮೀನಿನ ಡಾಕ್ಟರಮ್ಮ ಬಂದು, ಸೂಕ್ಷ್ಮದರ್ಶಕದಲ್ಲಿ ನೋಡಿ, ರಾಡಿ ಎಂದಿನಿಂದ ಬಂತೆಂದು ಕೇಳಿದಳು. ಗರಿಯಕ್ಕ ಹೇಳಿದಳು.

"ಅಯ್ಯೋ! ಮೊದಲೇ ಬಂದುಹೋಗಿದ್ರೆ ಎಷ್ಟೋ ಉಳೀತಿದ್ವು, ಅಕ್ಕಾ. ಮೆತ್ತಿದ್ದನ್ನ ಕಣ್ಣು ಬಂದಮೇಲೆ ತಿಳಿನೀರಲ್ಲಿ ತೊಳೀಬಹುದಿತ್ತು. ಮೊದಲ ದಿನಗಳಲ್ಲಿ ಒಳಗಿರೋದು ಒಂದು ಚುಕ್ಕೆ ಜೀವ, ಅದಕ್ಕೆ ಉಸಿರು ಎಷ್ಟು ಬೇಕು? ಕಣ್ಣು ಬಂದಮೇಲೆ ಮೈ ಬೆಳೆಯುತ್ತೆ, ಆಗಲೇ ಉಸಿರು ಜಾಸ್ತಿ ಬೇಕಾಗೋದು. ಹೂಳು ಮೆತ್ಕೊಂಡ್ರೆ ಒಳಗೇ ಉಸಿರು ಕಟ್ಟುತ್ತೆ."

ಗರಿಯಕ್ಕ ಕೈಯಲ್ಲಿದ್ದ ಚಮಚವನ್ನು ತಟ್ಟೆಯ ಪಕ್ಕ ಇಟ್ಟಳು. ಅಲುಗಾಟಕ್ಕೆ ಗಟ್ಟಿಯಾದದ್ದು ಉಸಿರಿಗೂ ಗಟ್ಟಿ ಎಂದುಕೊಂಡಿದ್ದಳು. ಇಪ್ಪತ್ತಾರು ವರ್ಷ ಮೊಟ್ಟೆಯ ಕಾಲದಲ್ಲಿ ಹೊಳೆ ತಿಳಿಯಾಗಿಯೇ ಹರಿದಿತ್ತು. ತಪ್ಪು ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಮಿಂಚಿ ಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಹಾಗೆನ್ನುವವರು ಆ ನಾಲ್ಕು ತಟ್ಟೆಗಳನ್ನು ತೊಳೆದಿಡಲಿ, ನೋಡೋಣ.

ಭಾನುವಾರ ತಮ್ಮ ಊಟಕ್ಕೆ ಬಂದ. ಕೈ ತೊಳೆಯುತ್ತಾ ನಗುನಗುತ್ತಲೇ ಹೇಳಿದ: "ಯಂತ್ರ ತಿರುಗಿಸಿದ್ದಕ್ಕೆ ನೋಟಿಸು ಕೊಟ್ಟಿದ್ದಾರೆ, ಅಕ್ಕಾ. ಮೇಸ್ತ್ರಿ ಕೆಲಸದಿಂದ ಇಳಿಸ್ತಾರಂತೆ. ಇಳಿಸಲಿ ಬಿಡು. ಫೋನಲ್ಲಿ ಅಳ್ತಿದ್ದೆಯಲ್ಲ, ಆಮೇಲೆ ಒಂದಷ್ಟಾದ್ರೂ ಉಳಿದ್ವಾ? ನಿನ್ನ ಮೊದಲ ಹದಿನೈದು ದಿನ ಒಂದು ತೊಟ್ಟು ರಾಡಿ ಬಿಡಲಿಲ್ಲ ನಾನು."

'ಉಳಿದವು ಕಣೋ' ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೈಯಾರೆ ಬೆಳೆಸಿದವನಿಗೆ ಸುಳ್ಳು ಹೇಳಲು ಅವಳಿಗೆ ನಾಲಿಗೆ ಬರಲಿಲ್ಲ.

"ಒಂದೂ ಉಳೀಲಿಲ್ಲಪ್ಪ" ಎಂದಳು. "ಇಂಜಿನಿಯರು ಹೇಳಿದ ಹಾಗೇ ಮೇಲಿಂದ ಶುರು ಮಾಡಿದ್ದಿದ್ರೆ ಬದುಕ್ತಿದ್ವಂತೆ. ನಾನು ಬಾಯಿ ಮುಚ್ಕೊಂಡಿದ್ದಿದ್ರೆ ಸಾಕಾಗಿತ್ತು. ಅವೂ ಉಳೀತಿದ್ವು, ನಿನ್ನ ಕೆಲಸವೂ ಉಳೀತಿತ್ತು."