ಮುಗಿದದ್ದರ ಸಾಲಿನಲ್ಲಿ ಹಚ್ಚಿದ ಚೀಟಿ

ಮೊನ್ನೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದೆ. ಅರ್ಧ ಚೀಲ ಆಗಿತ್ತು, ಇನ್ನರ್ಧ ಉಳಿದಿತ್ತು. ಫೋನು ಬಂತು. ಲಿಂಗಸುಗೂರಿನಿಂದ, ಮೊದಲು ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದಾಕೆಯ ಅಣ್ಣ.

“ಅಕ್ಕಾರ, ತಂಗಿ ಹೋದಳ್ರೀ. ನಿನ್ನಿ ಮಣ್ಣು ಮಾಡಿ ಬಂದ್ವಿ. ಫೋನಿನಾಗಿದ್ದ ನಂಬರಿಗೆ ಒಂದೊಂದಾಗಿ ಹಚ್ಚಕೋತ ಬಂದೀನಿ, ನಿಮ್ಮ ಪಾಳಿ ಇವತ್ತು ಬಂತು ನೋಡ್ರಿ. ತಪ್ಪು ತಿಳೀಬ್ಯಾಡ್ರಿ.”

ತಪ್ಪು ತಿಳಿಯಲು ನನಗೆ ಯಾವ ಹಕ್ಕಿತ್ತು... ಮೊರ ಕೆಳಗಿಟ್ಟೆ. ಕೈಗೆ ಮೆತ್ತಿದ್ದ ಜೋಳದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ನಮ್ಮ ಮಾಳಿಗೆಗೂ ಅದೇ ವಾಸನೆ. ಕಾಳು ಒಣಗಿಸಲು ನಾನು ಹತ್ತುತ್ತಿದ್ದದ್ದು ಅಲ್ಲಿಗೇ. ಆಕೆ ಇದ್ದ ಕೋಣೆ ಕಾಳು ಒಣಗಿಸುವ ಆ ಜಾಗಕ್ಕೆ ಅಂಟಿಕೊಂಡೇ ಇತ್ತು.

ಆಕೆ ಬಂದಾಗ ನಮ್ಮ ಸಿಂಧನೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವರು ಮನೆಯಲ್ಲಿ ಕೂತೇ ಸಂಬಳ ತರುತ್ತಾರೆ ಎಂಬುದು ನಮ್ಮ ಅತ್ತೆಯವರಿಗೆ ನಂಬಿಕೆಯಾಗಿರಲಿಲ್ಲ. ಆಕೆ ತನ್ನ ಮಗಳನ್ನು ಇಲ್ಲಿನ ಶಾಲೆಗೆ ಹಾಕಿದ್ದಳು. ಗಂಡನ ಸುದ್ದಿ ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ. ಆಕೆ ನನ್ನನ್ನು “ಅಕ್ಕಾರ” ಅಂತಿದ್ದಳು, ನಾನು “ತಂಗಿ” ಅಂತಿದ್ದೆ. ಮನೆಯಲ್ಲಿ ಉಳಿದವರಿಗೆಲ್ಲ ಆಕೆ ‘ಮಾಳಿಗಿಯಾಕಿ’.

ಆ ಕೋಣೆಯ ಗೋಡೆ ಮೊದಲ ಸಲ ನೋಡಿದಾಗ ಮಗುವಿನ ಆಟ ಅಂದುಕೊಂಡಿದ್ದೆ. ಮೂರು ಸಾಲು. ಒಂದೊಂದು ಸಾಲಿನ ತುಂಬ ಅಂಟಿಸಿದ ಬಣ್ಣದ ಚೀಟಿಗಳು. ಮೊದಲ ಸಾಲು ಮಾಡಬೇಕಾದ್ದು, ನಡುವಿನದು ನಡೆದಿರುವುದು, ಕೊನೆಯದು ಮುಗಿದದ್ದು. ಆಕೆಯ ಕೈಕೆಳಗೆ ಏಳು ಮಂದಿ ಬೇರೆ ಬೇರೆ ಊರಲ್ಲಿ ಕೂತು ಕೆಲಸ ಮಾಡುತ್ತಿದ್ದರಂತೆ. ದಿನಾ ಬೆಳಿಗ್ಗೆ ಹತ್ತು ನಿಮಿಷ ಎಲ್ಲರೂ ಫೋನಿನಲ್ಲಿ ಸೇರಿ ನಿನ್ನೆ ಏನಾಯಿತು, ಇವತ್ತು ಏನು, ಎಲ್ಲಿ ಸಿಕ್ಕಿಬಿದ್ದಿದೆ ಅಂತ ಹೇಳಬೇಕು. ಹದಿನೈದು ದಿನಕ್ಕೊಮ್ಮೆ ಒಂದಿಷ್ಟು ಕೆಲಸ ಪೂರಾ ಮಾಡಿ ಒಪ್ಪಿಸಬೇಕು. ಆದರೆ ಏಳು ಮಂದಿ ಮಾಡಿದ್ದೆಲ್ಲ ಈಕೆ ಒಬ್ಬಳೇ ತಪಾಸಣೆ ಮಾಡಿದ ಮೇಲೆಯೇ ಮುಂದೆ ಹೋಗಬೇಕು. ಹಾಗೆ ಮೇಲಿನವರ ಅಪ್ಪಣೆ.

ಒಂದು ದಿನ ನಾನು ರೊಟ್ಟಿ ಬಡಿಯುವಾಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹೇಳಿದಳು.

“ಅಕ್ಕಾರ, ಏಳು ಮಂದಿ ರೊಟ್ಟಿ ಬಡದು ಕೊಟ್ರ ಹೆಂಚು ಒಂದೇ ಇದ್ರ ಏನಾಗ್ತೈತಿ?”

“ಬಡದದ್ದು ಒಣಗ್ತೈತಿ. ಮತ್ತೇನು?”

“ಆ ಹೆಂಚು ನಾನು.”

ನಕ್ಕಳು. ಆಮೇಲೆ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ಇಂಜಿನಿಯರಿಂಗ್ ಓದುವಾಗ ಆಕೆಗೆ ಪಾಳಿಯ ಮೇಲೆಯೇ, ಅಂದರೆ ಸರದಿ ಕಾಯುವುದರ ಮೇಲೆಯೇ ಒಂದು ಗಣಿತ ಇತ್ತಂತೆ. ಹೆಂಚಿಗೆ ಒಂದು ಗಳಿಗೆಯೂ ಬಿಡುವು ಕೊಡದೆ ಸುಡುತ್ತಿದ್ದರೆ ಹೆಚ್ಚು ರೊಟ್ಟಿ ಆಗುತ್ತದೆ ಅಂತ ಎಲ್ಲರೂ ತಿಳಿಯುತ್ತಾರೆ. ಆದರೆ ಒಂದು ರೊಟ್ಟಿ ಸ್ವಲ್ಪ ದಪ್ಪ ಬಂದರೂ, ಒಬ್ಬ ಬೀಗರು ಹೇಳದೆ ಬಂದರೂ ಹಿಂದಿನದೆಲ್ಲ ತಡವಾಗುತ್ತದೆ, ಆ ತಡ ಮತ್ತೆ ತುಂಬಿ ಬರುವುದಿಲ್ಲ. ಅದಕ್ಕೇ ಹೆಂಚಿಗೆ ಸ್ವಲ್ಪ ಫುರ್ಸತ್ತು ಇರಬೇಕು, ಬಡಿಯುವವರು ಹೆಂಚು ನೋಡಿ ಬಡಿಯಬೇಕು. ನಡುವಿನ ಸಾಲಿನಲ್ಲಿ ಮೂರೇ ಚೀಟಿ ಇರಬೇಕು, ಒಂದು ಮುಗಿಯದೆ ಹೊಸದು ಹಿಡಿಯಬಾರದು. ಇದು ಆಕೆ ತನ್ನ ಏಳು ಮಂದಿಗೆ ಹಾಕಿದ ಕಟ್ಟಳೆ. ಮೊದಲು ಒಂದು ಕೆಲಸ ತಿಂಗಳುಗಟ್ಟಲೆ ಬಿದ್ದಿರುತ್ತಿತ್ತಂತೆ, ಈಗ ವಾರದಲ್ಲಿ ಹೊರಗೆ ಹೋಗುತ್ತಿತ್ತಂತೆ.

ನಾನು ಹನ್ನೊಂದು ಮಂದಿಯ ಮನೆಯ ಹಿರಿ ಸೊಸೆ. ಮಾವನವರ ಬಿಸಿನೀರು, ಅತ್ತೆಯವರ ಗುಳಿಗೆ, ಅಂಗಡಿಗೆ ಬಂದವರ ಚಹಾ, ಮಕ್ಕಳ ಡಬ್ಬಿ ಎಲ್ಲ ನನ್ನ ಕೈಯಿಂದಲೇ ಹೋಗಬೇಕು. ಲಿಂಗಪೂಜೆಗೆ ಕೂತರೆ ಎರಡು ಸಲ ಏಳಬೇಕಾಗುತ್ತಿತ್ತು. ಮಸ್ಕಿಯ ತವರಿಗೆ ಹೋಗಬೇಕು ಅಂದರೆ ವರ್ಷಕ್ಕೊಮ್ಮೆ, ಅದೂ ಸಂಜೆಯ ಬಸ್ಸಿಗೆ ವಾಪಸ್ಸು. ಆಕೆಯ ಮಾತು ಕೇಳಿದ ಮರುದಿನ ನಾನೂ ಹೇಳಿದೆ, ಕೈಯಲ್ಲಿ ಮೂರು ಕೆಲಸ ಇದ್ದಾಗ ನಾಲ್ಕನೆಯದು ಯಾರೂ ಹೇಳಬಾರದು ಅಂತ.

“ಏನಬೇ, ಮಾಳಿಗಿಯಾಕಿ ನಿನಗ ಶಾಲಿ ಕಲಸ್ಯಾಳೇನು?” ಅಂದರು ಅತ್ತೆ. “ನಮ್ಮ ಕಾಲದಾಗ ಹತ್ತು ಹೇಳಿದ್ರ ಹತ್ತೂ ಮಾಡ್ತಿದ್ವಿ.”

“ಹತ್ತರಾಗ ಎಷ್ಟು ಹೊತ್ತಿಸ್ತಿದ್ದಿ ಯವ್ವಾ?” ಅಂದ ನಮ್ಮ ಮೈದುನ. ಅವರೂ ನಕ್ಕುಬಿಟ್ಟರು.

ಪೂರಾ ಏನೂ ಬದಲಾಗಲಿಲ್ಲ. ಆದರೆ ಪೂಜೆಯ ಅರ್ಧ ತಾಸು ಮಾತ್ರ ನನಗೆ ಸಿಕ್ಕಿತು. ಆ ಅರ್ಧ ತಾಸನ್ನು ನಾನು ಇವತ್ತಿಗೂ ಶಿವನ ಕರುಣೆ ಅಂತಲೇ ತಿಳಿದಿದ್ದೇನೆ, ಆಕೆಯ ಕೈಯಿಂದ ಬಂದ ಕರುಣೆ.

ಆಕೆಯ ಗೋಡೆಯಲ್ಲಿ ಎಲ್ಲ ಚೀಟಿಯೂ ಇಂಗ್ಲಿಷಿನಲ್ಲಿ. ಒಂದೇ ಒಂದು ಗುಲಾಬಿ ಚೀಟಿ ಕನ್ನಡದಲ್ಲಿತ್ತು. ‘ಡಾಕ್ಟರ್’. ಮೊದಲ ಸಾಲಿನ ಕೆಳಗೆ. ಎದೆಯಲ್ಲಿ ಸಣ್ಣ ಗಂಟಾಗಿದೆ, ತೋರಿಸಬೇಕು ಅಂತ ಆಕೆ ಹೇಳಿದ್ದು ನನಗೆ ಒಬ್ಬಳಿಗೇ.

“ಯಾವಾಗ ಹೋಗ್ತಿ ತಂಗಿ?”

“ಪಾಳಿ ಬರ್ಲಿ ಅಕ್ಕಾರ.”

ಪಾಳಿ ಬರಲಿಲ್ಲ. ಕೆಂಪು ಚೀಟಿ ಅಂತ ಒಂದಿರುತ್ತಿತ್ತು, ಗಿರಾಕಿಗಳ ಅವಸರದ ಕೆಲಸ. ಅದು ಬಂದರೆ ಉಳಿದದ್ದೆಲ್ಲ ಹಿಂದೆ ಸರಿಯಬೇಕು. ವಾರಕ್ಕೆರಡು ಬರುತ್ತಿದ್ದವು. ಗುಲಾಬಿ ಚೀಟಿ ಎರಡು ತಿಂಗಳು ಅಲ್ಲೇ ಇತ್ತು, ಅಂಚು ಸುರುಳಿ ಸುತ್ತಿತ್ತು. ಆಕೆಯ ಅಪ್ಪನ ಹೊಲ ಮಸ್ಕಿ ಕಡೆ ಕಾಲುವೆಯ ತೀರಾ ಕೊನೆಗೆ ಇತ್ತಂತೆ. ಮೇಲಿನವರ ಭತ್ತ ತುಂಬಿ ಮಿಕ್ಕರೆ ಇವರಿಗೆ ನೀರು. ಕಾಯುವುದು ಆಕೆಗೆ ಹುಟ್ಟಿನಿಂದ ಬಂದ ರೂಢಿ. ತನ್ನದನ್ನು ಮುಂದೆ ಇಡು ಅಂತ ಆಕೆಗೆ ಯಾರೂ ಕಲಿಸಿರಲಿಲ್ಲ. ಅಷ್ಟೆಲ್ಲ ಲೆಕ್ಕ ಬಲ್ಲವಳಿಗೆ...

ಈಗ ನನ್ನ ತಪ್ಪು ಹೇಳಬೇಕು.

ನಮ್ಮಲ್ಲಿ ಅಕ್ಕಿ ತೀರಿತು ಅನ್ನುವುದಿಲ್ಲ, ಹೆಚ್ಚೈತಿ ಅನ್ನುತ್ತೇವೆ. ದೀಪ ಆರಿತು ಅನ್ನುವುದಿಲ್ಲ, ಶಾಂತ ಆಯಿತು ಅನ್ನುತ್ತೇವೆ. ಬಾಯಿಂದ ಬಂದದ್ದು ಮನೆಗೆ ಹತ್ತುತ್ತದೆ ಅಂತ ನಮ್ಮವ್ವ ಕಲಿಸಿದ್ದು. ಶ್ರಾವಣ ಸೋಮವಾರ ಪ್ರಸಾದ ಕೊಡಲು ಮೇಲೆ ಹೋದೆ. ಆಕೆ ನನಗೆ ಬೆನ್ನು ಹಾಕಿ ಫೋನಿನಲ್ಲಿ ಮಾತಾಡುತ್ತಿದ್ದಳು. ಆ ಗುಲಾಬಿ ಚೀಟಿ ಕಂಡಿತು. ಕಾಯಿಲೆಯ ಹೆಸರು ‘ಮಾಡಬೇಕಾದ್ದು’ ಅನ್ನುವ ಸಾಲಿನಲ್ಲಿ ದಿನಾ ಕಣ್ಣಿಗೆ ಬೀಳುವುದು ನನಗೆ ಸರಿ ಕಾಣಲಿಲ್ಲ. ಕಿತ್ತು, ಬೆರಳಲ್ಲಿದ್ದ ವಿಭೂತಿ ಒಂದಿಷ್ಟು ಅದಕ್ಕೆ ಹಚ್ಚಿ, ಕೊನೆಯ ಸಾಲಿನಲ್ಲಿ ಅಂಟಿಸಿದೆ. ಮುಗಿದದ್ದು. ತಂದೆ, ಇದು ಮುಗಿದಂಗ ಮಾಡು ಅಂತ ಬೇಡಿಕೊಂಡೆ. ಪ್ರಸಾದದ ಬಟ್ಟಲಿಟ್ಟು ಇಳಿದು ಬಂದೆ.

ಆ ಸಾಲಿನ ಚೀಟಿಗಳನ್ನು ಆಕೆ ಪ್ರತಿ ಶುಕ್ರವಾರ ಹರಿದು ಬುಟ್ಟಿಗೆ ಹಾಕುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ.

ಮುಂದಿನ ಸಲ ಮೆಣಸಿನಕಾಯಿ ಒಣಗಿಸಲು ಹೋದಾಗ ಚೀಟಿ ಗೋಡೆಯಲ್ಲಿ ಇರಲಿಲ್ಲ. ನನ್ನ ಎದೆ ಹಗುರಾಯಿತು. ತೋರಿಸಿಕೊಂಡು ಬಂದಿದ್ದಾಳೆ, ಏನೂ ಇಲ್ಲ ಅಂದಿದ್ದಾರೆ, ಅದಕ್ಕೇ ಚೀಟಿ ತೆಗೆದಿದ್ದಾಳೆ ಅಂದುಕೊಂಡೆ. ಹೋದ ಕಾಯಿಲೆಯ ಮಾತೆತ್ತಿ ಮತ್ತೆ ಕರೆಯಬಾರದು ಅಂತ ಕೇಳಲೂ ಇಲ್ಲ. ಆ ಸೋಮವಾರ ಬಸವಣ್ಣನಿಗೆ ಒಂದು ಕಾಯಿ ಹೆಚ್ಚು ಒಡೆಸಿದೆ. ಒಂದೂವರೆ ತಿಂಗಳು ಹಾಗೇ ಹೋಯಿತು.

ಒಂದು ದಿನ ಬೆಳಿಗ್ಗೆ ಬಿಂದಿಗೆ ಎತ್ತಲು ಹೋಗಿ ತೋಳು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ಅಕ್ಕಾರ, ನನ್ನ ಗುಲಾಬಿ ಚೀಟಿ ನೋಡೀರೇನು?”

“ನೀ ಡಾಕ್ಟರಿಗೆ ತೋರಿಸ್ಕೊಂಡು ಬಂದಿಲ್ಲೇನು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಎಲ್ಲ ಹೇಳಿದೆ. ವಿಭೂತಿ ಹಚ್ಚಿದ್ದೂ ಹೇಳಿದೆ. ಬಯ್ಯಲಿ ಅಂತ ಕಾದೆ. ಆಕೆ ಬಯ್ಯಲಿಲ್ಲ.

“ಶುಕ್ರವಾರ ಫೋನ್ ಕಿವಿಗೆ ಇಟ್ಕೊಂಡು ನೋಡದ ಹರದೀನಿ,” ಅಂದಳು. “ಆಮ್ಯಾಲೆ ಕಾಣಲಿಲ್ಲ. ಕಾಣದಿದ್ದದ್ದಕ್ಕ ಜೀವಕ್ಕ ಹಾಯ್ ಅನಿಸ್ತು ಅಕ್ಕಾರ. ಅದಕ್ಕ ಹುಡುಕಲೂ ಇಲ್ಲ.”

ಅವತ್ತು ನಾನು ಒಲೆಯ ಮೇಲಿನ ಬೇಳೆ ಇಳಿಸಿ, ಸೆರಗು ಸರಿಮಾಡಿಕೊಂಡು, ಯಾರನ್ನೂ ಕೇಳದೆ ಆಕೆಯ ಜೊತೆ ಆಟೋ ಹತ್ತಿದೆ. ಊರೊಳಗಿನ ಒಬ್ಬ ಲೇಡಿ ಡಾಕ್ಟರ್ ಹತ್ತಿರ. ಟೋಕನ್ ಮೂವತ್ತೊಂದು. ಕಟ್ಟೆಯ ಮೇಲೆ ಕೂತು ಆಕೆ ಬಾಗಿಲು ನೋಡುತ್ತಿದ್ದಳು.

“ಒಬ್ರಿಗೆ ಎಂಟ್ಹತ್ತು ನಿಮಿಷ ಹಿಡಿತೈತಿ. ಒಳಗ ಹೋದಷ್ಟು ಮಂದಿ ಹೊರಗಿಂದ ಬರಾಕತ್ಯಾರ. ಈಯಮ್ಮನೂ ನನ್ನಂಗ ಒಂದೇ ಹೆಂಚು, ನೋಡ್ರಿ.”

“ಇಲ್ಲೂ ಲೆಕ್ಕ ಮಾಡ್ತೀಯೇನ ತಂಗಿ?”

“ಲೆಕ್ಕ ಬಿಟ್ರ ಅಂಜಿಕಿ ಬರ್ತೈತಿ ಅಕ್ಕಾರ.”

ನಾನು ಆಕೆಯ ಕೈ ಹಿಡಿದು ಪಂಚಾಕ್ಷರಿ ಹೇಳುತ್ತಾ ಕೂತೆ. ಅಲ್ಲಿಂದ ಎದ್ದು ಹೋಗುವ ಹಾಗಿರಲಿಲ್ಲ, ಪಾಳಿ ಮುಂದೆ ಸರಿಯುತ್ತಲೂ ಇರಲಿಲ್ಲ. ನಾಲ್ಕು ಗೋಡೆಯ ನಡುವೆ ಇಬ್ಬರನ್ನೂ ಯಾರೋ ಕೂಡಿಹಾಕಿ ಹೋದ ಹಾಗೆ ಅನಿಸಿತ್ತು... ಒಳಗೆ ಹೋದ ಮೇಲೆ ಡಾಕ್ಟರ್ ಮುಟ್ಟಿ ನೋಡಿದರು, ದೊಡ್ಡ ಊರಿಗೆ ಹೋಗಿ ಪರೀಕ್ಷೆ ಮಾಡಿಸಿ ಅಂತ ಬರೆದುಕೊಟ್ಟರು. ಇಷ್ಟು ದಿನ ಯಾಕೆ ಬಿಟ್ಟಿರಿ ಅಂತ ಒಂದೇ ಮಾತು ಕೇಳಿದರು. ಆಕೆಯನ್ನು ಕೇಳಿದ್ದು. ತಲೆ ತಗ್ಗಿಸಿದವಳು ನಾನು.

ಮನೆಗೆ ಬಂದಾಗ ಮಧ್ಯಾಹ್ನ ಎರಡಾಗಿತ್ತು. ಮಾವನವರು ಅವಲಕ್ಕಿ ಕಲಸಿಕೊಂಡು ತಿಂದಿದ್ದರು, ಅತ್ತೆಯವರಿಗೂ ಕೊಟ್ಟಿದ್ದರು. ಮನೆ ಬಿದ್ದಿರಲಿಲ್ಲ. ನಾನಿಲ್ಲದಿದ್ದರೂ ಮನೆ ಬೀಳುವುದಿಲ್ಲ ಅಂತ ಗೊತ್ತಾದದ್ದು ಅವತ್ತು, ಅಂಥ ಗಳಿಗೆಯಲ್ಲಿ.

ಆಮೇಲೆ ಆಪರೇಷನ್, ಔಷಧಿ, ಕೂದಲು ಹೋದದ್ದು. ಆಕೆ ಇಬ್ಬರು ಹುಡುಗಿಯರಿಗೆ ತಪಾಸಣೆಯ ಕೆಲಸ ಕಲಿಸಿ ಒಪ್ಪಿಸಿದಳು. “ಇನ್ನೆರಡು ಹೆಂಚು ಇಟ್ಟೆ. ಮೊದಲೇ ಇಡಬೇಕಿತ್ತು,” ಅಂದಳು. ಮಗಳನ್ನು ಕರೆದುಕೊಂಡು ಲಿಂಗಸುಗೂರಿಗೆ ಅಣ್ಣನ ಮನೆಗೆ ಹೊರಟ ದಿನ ಸಾಮಾನೆಲ್ಲ ಗಾಡಿಗೆ ಹೋಗಿತ್ತು. ಖಾಲಿ ಕೋಣೆಯಲ್ಲಿ ಗೋಡೆಯ ಮೇಲೆ ಅಂಟಿನ ಕಲೆಗಳು ಮಾತ್ರ ಇದ್ದವು. ನನಗೆ ಅಳು ತಡೆಯಲಿಲ್ಲ. ಇದೆಲ್ಲ ನನ್ನಿಂದಾಯಿತು ಅಂದೆ. ಆಕೆ ನನ್ನ ಕಣ್ಣು ಒರೆಸಲಿಲ್ಲ, ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ.

“ಅಕ್ಕಾರ, ಒಂದೂವರಿ ತಿಂಗಳಾಗ ನಿಮ್ಮದು ಅರ್ಧ, ನನ್ನದು ಅರ್ಧ. ಅದಕ್ಕಿಂತ ಮೊದಲಿನ ಎರಡು ತಿಂಗಳು ಪೂರಾ ನನ್ನದು. ಕೂಡಿಸಿ ನೋಡ್ರಿ, ನಂದೇ ಹೆಚ್ಚಾಗ್ತೈತಿ. ಅಷ್ಟಕ್ಕ ಬಿಡ್ರಿ.”

ನಾನು ಕೂಡಿಸಿ ನೋಡಿದ್ದೇನೆ, ಎಷ್ಟೋ ಸಲ. ಆಕೆ ಹೇಳಿದ್ದು ಸರಿಯೇ. ಆದರೂ ಬಿಡಲು ಆಗಿಲ್ಲ... ಎರಡು ವರ್ಷ ಬದುಕಿದಳು. ಮಗಳು ಹತ್ತನೇ ಇಯತ್ತೆ ಪಾಸಾದದ್ದು ನೋಡಿದಳು. ಕೊನೆಗೆ ಬಹಳ ನರಳಲಿಲ್ಲವಂತೆ. ಇವನ್ನು ನಾನು ಬೆರಳು ಮಡಚಿ ಎಣಿಸಿಕೊಳ್ಳುತ್ತೇನೆ. ಶಿವ ಕೊಟ್ಟದ್ದನ್ನು ಕೊಟ್ಟ ಅಂತ ಅನ್ನಬೇಕು. ಆದರೆ ಎಣಿಸಿ ಮುಗಿದ ಮೇಲೂ ಆಕೆ ಇಲ್ಲ.

ಮೊನ್ನೆ ಫೋನಿನಲ್ಲಿ ಆಕೆಯ ಅಣ್ಣ ಹೇಳಿದರು, “ಹುಡುಗಿ ನಿಮ್ಮನ್ನ ಬಾಳ ನೆನಸ್ತಾಳ್ರೀ. ಸಿಂಧನೂರ ದೊಡ್ಡಮ್ಮ ಅವ್ವನ್ನ ದವಾಖಾನಿಗೆ ಕರಕೊಂಡು ಹೋಗಿದ್ರು ಅಂತ ಎಲ್ಲರ ಮುಂದ ಹೇಳ್ತಾಳ.”

ಆ ಮಗುವಿಗೆ ಅವ್ವ ಅಷ್ಟೇ ಹೇಳಿದ್ದಳು. ಉಳಿದದ್ದನ್ನು ಹೇಳಿರಲಿಲ್ಲ. ನನ್ನ ಮರ್ಯಾದೆ ಕಾಯ್ದು ಹೋಗಿದ್ದಾಳೆ ಅಂತ ಸಂತೋಷಪಡಬೇಕೋ, ಆ ಉಳಿದ ಮಾತು ಹೇಳುವ ಭಾರ ಈಗ ನನ್ನ ಕೊರಳಿಗೇ ಬಿತ್ತಲ್ಲ ಅಂತ ಅಳಬೇಕೋ ತಿಳಿಯಲಿಲ್ಲ. ಆಕೆಯ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆ ಯಾವಾಗ ಅಂತ ಕೇಳಿದೆ. ಬರುವ ಗುರುವಾರ ಅಂದರು.

ಯಜಮಾನರು ಊಟಕ್ಕೆ ಬಂದಾಗ ಹೇಳಿದೆ, “ಗುರುವಾರ ಲಿಂಗಸುಗೂರಿಗೆ ಹೋಗ್ತೀನ್ರಿ.”

“ಅವತ್ತು ಬೀಗರು ಬರಾವರದಾರಲ್ಲ?”

“ಬರ್ಲ್ಯಾಕ್ರಿ. ಆ ಹುಡುಗಿಗೆ ಹೇಳೂದು ನಂದೊಂದು ಮಾತು ಐತಿ. ನಾನ ಹೇಳಬೇಕು.”

ಅವರು ನನ್ನ ಮುಖ ನೋಡಿ ತಟ್ಟೆ ಮುಂದಕ್ಕೆ ಎಳೆದುಕೊಂಡರು. ಅವರಿಗೆ ಬಡಿಸಿ, ಬೆಳಗಿನಿಂದ ಬಕೆಟ್ಟಿನಲ್ಲಿ ನೆನೆದಿದ್ದ ಅತ್ತೆಯವರ ಸೀರೆಗಳನ್ನು ಒಗೆಯಲು ಹಿತ್ತಲಿಗೆ ಹೋದೆ.