ಗುರುತು ಹೇಳುವವರು

ಜವನಗೊಂಡನಹಳ್ಳಿ ಹತ್ತಿರದ ನಮ್ಮ ಹಟ್ಟಿ ಬಿಟ್ಟು ಶಿಕ್ಷಕಿಯರ ತರಬೇತಿಗೆಂದು ಚಿತ್ರದುರ್ಗಕ್ಕೆ ಬಂದಿದ್ದೆ. ಎಪ್ಪತ್ತರ ದಶಕ. ವಿದ್ಯಾರ್ಥಿವೇತನ ಚೆಕ್ಕಿನಲ್ಲಿ ಬಂತು. ಚೆಕ್ಕೆಂಬುದನ್ನು ನಾನು ಕಂಡದ್ದೇ ಆಗ. ಹದಿನೈದು ದಿನದೊಳಗೆ ಫೀಸು ಕಟ್ಟದಿದ್ದರೆ ಹೆಸರು ತೆಗೆದುಹಾಕುತ್ತೇವೆ ಎಂದಿದ್ದರು. ತೆಗೆದರೆ ಹಟ್ಟಿಗೆ ವಾಪಸು, ಆಮೇಲೆ ಮದುವೆ.

ಬ್ಯಾಂಕಿನ ಗುಮಾಸ್ತರು ಖಾತೆ ತೆರೆಯುವ ಫಾರಂ ಕೊಟ್ಟು, "ನಿಮ್ಮನ್ನ ಬಲ್ಲೋರು ಒಬ್ರು ಇಲ್ಲಿ ಸೈನ್ ಹಾಕ್ಬೇಕಮ್ಮ" ಎಂದರು. ಅದೇನು ಮಹಾ ಎಂದುಕೊಂಡು ಅಪ್ಪನಿಗೇ ಹೇಳಿಕಳಿಸಿದೆ.

ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಬಂದ ಅಪ್ಪ ಬ್ಯಾಂಕಿನ ಬಾಗಿಲಲ್ಲೇ ಕೆರ ಬಿಟ್ಟ. ನಮ್ಮ ಹಟ್ಟಿಗೆ ಹೊಸಬರು ಬಂದರೆ ಮೊದಲು ಬೆಡಗು, ಅಂದರೆ ಕುಲದೊಳಗಿನ ಪಂಗಡ, ಯಾವುದೆಂದು ಕೇಳುತ್ತಾರೆ, ಆಮೇಲೆ ಮನೆದೇವರು, ತಾಯಿಯ ತವರು. ಅಷ್ಟು ಹೇಳಿದರೆ ಗೊತ್ತಿನವರಾದಂತೆ, ಮುದ್ದೆಗೆ ಎಬ್ಬಿಸುತ್ತಾರೆ. ಅಪ್ಪ ಕೌಂಟರಿನ ಮುಂದೆ ಅದನ್ನೆಲ್ಲ ಶುರುಮಾಡಿ ಮುತ್ತಜ್ಜನವರೆಗೆ ಹೋದ. ನನಗೋ ನಾಚಿಕೆ.

"ಅಕೌಂಟ್ ನಂಬರ್ ಹೇಳಪ್ಪ."

"ಅದೇನ್ರಿ ಸ್ವಾಮಿ?"

"ಇಲ್ಲಿ ಖಾತೆ ಇರೋರೇ ಗುರ್ತು ಹೇಳ್ಬೇಕು."

"ಹುಟ್ಸಿದೋನು ನಾನು. ನನಗಿಲ್ದಿದ್ ಗುರ್ತು ಇನ್ಯಾರಿಗೆ ಐತ್ರಿ?"

ನನಗಂತೂ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಗಿತ್ತು. ಕೊನೆಗೆ ಗುಮಾಸ್ತರೇ, "ಖಾತೆ ಇರೋರು ಯಾರಾದ್ರೂ ಗೊತ್ತೇನು?" ಎಂದರು. ಅಪ್ಪ ಪೇಟೆಗೆ ಹೋಗಿ, ವರ್ಷವರ್ಷ ನಮ್ಮ ಉಣ್ಣೆ ಕೊಳ್ಳುವ ಸಾವ್ಕಾರರನ್ನು ಕರೆತಂದ.

ಸಾವ್ಕಾರರು ನನ್ನ ಮುಖ ನೋಡಿದ್ದು ಅದೇ ಮೊದಲು. "ನಿನ್ನ ಹೆಸರೇನವ್ವ?" ಎಂದು ಕೇಳಿದರು. ಕೇಳಿಕೊಂಡು, ಈಕೆಯನ್ನು ಐದು ವರ್ಷಗಳಿಂದ ಬಲ್ಲೆ ಎಂಬಲ್ಲಿ ಸಹಿ ಹಾಕಿದರು. ಅವರು ನನ್ನ ಹೆಸರು ಕೇಳಿದ್ದು ಕಿವಿಗೆ ಬಿದ್ದಿದ್ದರೂ ಗುಮಾಸ್ತರು ಮೊಹರು ಒತ್ತಿದರು. ಇದು ಸರಿಯೋ ತಪ್ಪೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಪಾಸ್‌ಬುಕ್ ಕೈಗೆ ಬಂದಾಗ ಮಾತ್ರ ಕುಣಿಯುವಷ್ಟು ಖುಷಿಯಾಯಿತು.

ಹೊರಗೆ ಬಂದ ಮೇಲೆ ಅಪ್ಪ, "ಏನಂತ ಬರದ್ರವ್ವ?" ಎಂದ. ಹೇಳಿದೆ. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಬಸ್ಸು ಹತ್ತುವಾಗ, "ಇನ್ಮ್ಯಾಲೆ ಏನೇ ಇದ್ರೂ ಅವರ್ನೇ ಕರ್ಕಳವ್ವ. ನಾನ್ ಬಂದ್ರೆ ನಡೆಯಾಕಿಲ್ಲ" ಎಂದ. ಕೋಪವಲ್ಲ, ನಿಜವಾಗಿ ಹಾಗೆಂದೇ ನಂಬಿದ್ದ. ನಾನು ಅಲ್ಲವೆನ್ನಬೇಕಿತ್ತು. ಫೀಸಿನ ಯೋಚನೆಯಲ್ಲಿ ತಲೆಯಾಡಿಸಿಬಿಟ್ಟೆ.

ತರಬೇತಿ ಮುಗಿದು ಸರ್ಟಿಫಿಕೇಟು ಕೊಡುವ ದಿನ ಅಪ್ಪನಿಗೆ ಬಾ ಎಂದು ಹೇಳಿಕಳಿಸಿದೆ. ಸಾವ್ಕಾರರು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಪ್ಪನೇ ಅವರ ಅಂಗಡಿಗೆ ಹೋಗಿ, ತನ್ನ ಬದಲು ಅವರನ್ನು ಕಳಿಸಿದ್ದ.